ಕಿವಿಯ ಕಾಲಂ

ಹೆಡ್ಡಾಫೀಸಿನವರು ಕಳಿಸಿದ ಮೊದಲ ಸ್ಲೈಡಿನಲ್ಲಿ
ಗೂಡು ಒಡೆದು ಹೊರಬರುವ ಚಿಟ್ಟೆ.
ಕೆಳಗೆ ದಪ್ಪಕ್ಷರ: ಬದಲಾವಣೆಗೆ ಹೆದರದಿರಿ.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಹರಾಜಿಗೆ ಮೊದಲು, ರೀಲರುಗಳ ಮುಂದೆ
ಅದನ್ನು ತೋರಿಸಿದವಳು ನಾನೇ.

ಯಾರೂ ಉಸಿರೆತ್ತಲಿಲ್ಲ.
ಆಮೇಲೆ ಹಿಂದಿನಿಂದ ಬೈಯಮ್ಮ:
'ಚಿಟ್ಟೆ ತೂತು ಮಾಡ್ಕಂಡು ಹೋದ ಗೂಡಿಗೆ
ಎಷ್ಟು ಕೂಗ್ತೀರಿ ಮೇಡಂ?'
ನಗು ತಗಡಿನ ಚಾವಣಿಗೆ ಬಡಿದು
ಪಾರಿವಾಳಗಳು ಎದ್ದವು.
ನಿಜ. ತೂತಾದ ಗೂಡಿನಲ್ಲಿ ಎಳೆ ನಿಲ್ಲುವುದಿಲ್ಲ,
ಈ ಊರಲ್ಲಿ ಚಿಟ್ಟೆ ಅಂದರೆ ನಷ್ಟ.
ಎರಡನೇ ಸ್ಲೈಡಿಗೆ ನಾನು ಹೋಗಲಿಲ್ಲ.

ಯಂತ್ರ ಅಂದರೆ ಇಷ್ಟೇ:
ಒಂದು ಕಂಬ, ತುದಿಗೆ ಕ್ಯಾಮೆರಾ, ಕೆಳಗೆ ತಟ್ಟೆ.
ಬೊಗಸೆ ಗೂಡು ಸುರಿದರೆ
ಕಲೆ, ಜೋಡಿ, ತೆಳು ಸಿಪ್ಪೆ ಎಣಿಸಿ
ದರ್ಜೆ ಹೇಳುತ್ತದೆ, ಹಸಿರು ಅಕ್ಷರದಲ್ಲಿ.
ತಪ್ಪಿದರೂ ಹಸಿರೇ.

ಖಲಂದರ್ ಸಾಬರದು ನಲವತ್ತೊಂದು ವರ್ಷದ ಕೆಲಸ:
ಗೂಡನ್ನು ಕಿವಿಗೆ ಹಿಡಿದು ಅಲ್ಲಾಡಿಸುವುದು.
ಒಳಗಿನ ಜೀವ ಗಟ್ಟಿಯಿದ್ದರೆ ಕಟಕಟ.
ಕರಗಿದ್ದರೆ ಸದ್ದಿಲ್ಲ.

'ಸದ್ಯಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ'
ಎಂದಿತ್ತು ಸುತ್ತೋಲೆ.
ಓದುವಾಗ 'ಸದ್ಯಕ್ಕೆ' ನುಂಗಿಕೊಂಡೆ.
ಸಾಬರು ತಲೆಯೆತ್ತಿ ನೋಡಿದರು.
ಸದ್ದಿಲ್ಲದ್ದನ್ನು ಕೇಳುವುದೇ ಅವರ ಕಸುಬು.

ಮೂರನೇ ದಿನ, ಚಿಂತಾಮಣಿ ಕಡೆಯ ಲಾಟು.
ಯಂತ್ರ ಮೊದಲ ದರ್ಜೆ ಅಂದಿತು,
ಸಾಬರು ಇಲ್ಲ ಅಂದರು.
ಬ್ಲೇಡಿನಲ್ಲಿ ಕೊಯ್ದರೆ ಕಪ್ಪು ನೀರು.
ಜನ ಶಿಳ್ಳೆ ಹೊಡೆದರು, ನಾನೂ ನಕ್ಕೆ.
ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು:
ಸೋತದ್ದು ನಾನು ತಂದ ಯಂತ್ರ.

ಸೋಮವಾರ ತಿರುಗುಮುರುಗು.
ಸಾಬರು ಸರಿ ಅಂದ ಲಾಟಿನಲ್ಲಿ
ನೂರಕ್ಕೆ ಹದಿನಾಲ್ಕು ಜೋಡಿ ಗೂಡು ಎಂದಿತು ಅದು.
ಎಣಿಸಿದೆವು. ಹದಿನಾಲ್ಕು.
ಯಾರೂ ಶಿಳ್ಳೆ ಹೊಡೆಯಲಿಲ್ಲ.
ಹದಿನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿಟ್ಟು
ಸಾಬರು ಹೊರಗೆ ಹೋದರು.
ಅವರಿಗೆಂದು ಬಂದ ಟೀ ಕೆನೆಗಟ್ಟಿತು.

'ಸಾಬರು ತಪ್ಪಿದ್ರೆ ಮುಖಕ್ಕೆ ಬೈಬೌದು,'
ಅಂದ ತೂಕದ ಪಿಳ್ಳಮುನಿಯಪ್ಪ,
'ಇದು ತಪ್ಪಿದ್ರೆ? ರೈತ ಹಿಡಕಳಾಕೆ
ಇದಕ್ಕೆ ಕೊರಳಪಟ್ಟಿನೇ ಇಲ್ಲ.'
'ನಂದು ಹಿಡೀರಿ' ಅಂದೆ.
'ಸೀರೆಗೆಲ್ಲಿ ಕೊರಳಪಟ್ಟಿ ಮೇಡಂ.'

ಆ ರಾತ್ರಿ ನಿದ್ದೆ ಬರಲಿಲ್ಲ.
ಬೆಳಿಗ್ಗೆ ರಿಜಿಸ್ಟರಿನಲ್ಲಿ, 'ಯಂತ್ರ'ದ ಪಕ್ಕ
ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದೆ.
ತಲೆಬರಹ: ಕಿವಿ.
ಎರಡೂ ಒಪ್ಪಿದರೆ ನನ್ನ ಸಹಿ.
ಒಪ್ಪದಿದ್ದರೆ ರೈತನ ಎದುರಿಗೇ ಬ್ಲೇಡು,
ಆಗಲೂ ನನ್ನ ಸಹಿ, ಪೂರ್ತಿ ಹೆಸರಿನೊಂದಿಗೆ.

ಹೆಡ್ಡಾಫೀಸು ಕೇಳಿದೆ:
ನಮೂನೆಯಲ್ಲಿ ಇಲ್ಲದ ಕಾಲಂ ಯಾಕೆ?
ಉತ್ತರ ಬರೆದಿಲ್ಲ ಇನ್ನೂ.
ಗೆರೆಯನ್ನಂತೂ ದಿನಾ ಎಳೆಯುತ್ತೇನೆ,
ಒಮ್ಮೊಮ್ಮೆ ಸೊಟ್ಟಗೆ.

ನಿನ್ನೆ ಸಂಜೆ, ತಟ್ಟೆ ತೊಳೆಯುವ ಹೊತ್ತು,
ಸಾಬರು ಬಂದು ಪಕ್ಕದ ಸ್ಟೂಲಿನಲ್ಲಿ ಕೂತರು.
'ಎಡಗಿವಿ ಹೋಗಿ ಎರಡು ವರ್ಸ ಆಯ್ತಮ್ಮಾ.
ಒಂದರಲ್ಲೇ ನಡೆಸ್ತಿದ್ದೆ.
ಇದು ಬಂದಿದ್ದು ಒಂದು ಲೆಕ್ಕದಲ್ಲಿ...
ಬರೀಬೇಡಿ ಇದನ್ನ.'
ಬರೆಯುವುದಿಲ್ಲ ಅಂದೆ.
ಇದು ರಿಜಿಸ್ಟರ್ ಅಲ್ಲ.

ಈಗ ಎಂಟೂವರೆ. ಮೊದಲ ಲಾಟು ಬಂದಿದೆ.
ಕ್ಯಾಮೆರಾದ ಗಾಜಿಗೆ ಅಂಟಿದ ರೇಷ್ಮೆ ನಾರನ್ನು
ಹೆಗಲ ವಲ್ಲಿಯ ತುದಿಯಲ್ಲಿ ಒರೆಸಿ,
ಸಾಬರು ಒಂದು ಗೂಡು ಎತ್ತಿಕೊಂಡರು.
ಬಲಗಿವಿಗೆ.
ಹಿಂದೆ ಬೈಯಮ್ಮ ಯಾರನ್ನೋ 'ಶ್' ಅಂದಳು.
ಹಸಿರು ಅಕ್ಷರ ಆಗಲೇ ಬಂದು ಕೂತಿದೆ.
ಪಕ್ಕದ ಕಾಲಂ ಖಾಲಿ.
ನಾನು ಪೆನ್ಸಿಲು ಹಿಡಿದಿದ್ದೇನೆ.